ಹೂವಿಗೆ ಹೊಗೆ ತಾಗಬಾರದು

ನಾನು ಅಂಜುಬುರುಕಿ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹಾವು ಹೊಡೆದಿದ್ದೇನೆ. ಕುಡಿದು ಬಂದು ಬಾಗಿಲು ಒದ್ದ ಮೈದುನನಿಗೆ ಉರಿಯುವ ಕೊಳ್ಳಿ ತೋರಿಸಿದ್ದೇನೆ. ಆದರೆ ಹಿಡಿದ ಪೈಪಿನೊಳಗಿಂದ ಕರೆಂಟು ಅಂಗೈಗೆ ಬರುತ್ತಿದೆ ಎಂದು ಗೊತ್ತಾದಾಗ ಆಗುವ ಹೆದರಿಕೆಯೇ ಬೇರೆ. ಅದಕ್ಕೆ ಮುಖವಿಲ್ಲ. ಬೈದರೆ ಕೇಳುವುದಿಲ್ಲ. ಕೈಮುಗಿದರೆ ಬಿಡುವುದಿಲ್ಲ.

ನನ್ನ ಹೆಸರು ಪುಷ್ಪಲತಾ. ಗಂಡ ಫಕ್ಕೀರಪ್ಪ ವೆಲ್ಡರ್, ನಾನು ಅವನ ಹೆಲ್ಪರ್. ಪೈಪು ಹಿಡಿಯುವುದು, ಬೆಸುಗೆಯ ರಾಡು ಕೊಡುವುದು, ಏಣಿ ಒತ್ತಿಕೊಂಡು ನಿಲ್ಲುವುದು ನನ್ನ ಕೆಲಸ. ರಾಣೆಬೆನ್ನೂರಿನಲ್ಲಿ ನಮ್ಮದು ಅಂಗಡಿ ಇಲ್ಲ. ಮಷಿನ್ನನ್ನು ಬೈಕಿನ ಹಿಂದೆ ಕಟ್ಟಿಕೊಂಡು ಕರೆದಲ್ಲಿಗೆ ಹೋಗುತ್ತೇವೆ. ಸತು ಬಳಿದ ಪೈಪು ಬೆಸೆದ ದಿನ ಅದರ ಹೊಗೆಗೆ ಇಬ್ಬರಿಗೂ ಎದೆ ಕಟ್ಟಿ ಚಳಿಜ್ವರ ಬರುತ್ತದೆ. ಮರುದಿನ ಮತ್ತೆ ಹೋಗುತ್ತೇವೆ.

ಅವತ್ತು ಕರೆದದ್ದು ಸಿದ್ದಲಿಂಗೇಶ ಸಾಹುಕಾರ. ಐರಣಿ ದಾರಿಯಲ್ಲಿ ಅವನ ಹೊಲ. ಹೊಲದ ತುಂಬ ನೆಟ್‌ಹೌಸು. ಕಬ್ಬಿಣದ ಕಂಬ, ಕಬ್ಬಿಣದ ಕಮಾನು, ಮೇಲೆ ಬಿಳಿ ಬಲೆ. ಒಳಗೆ ಬೀಜದ ಟೊಮೆಟೊ. ಒಂದು ಗಿಡದ ಹೂವಿನ ಪುಡಿಯನ್ನು ಇನ್ನೊಂದು ಗಿಡದ ಹೂವಿಗೆ ಕೈಯಿಂದ ಹಚ್ಚಬೇಕು. ಇದಕ್ಕೆ ನಮ್ಮಲ್ಲಿ ಕ್ರಾಸಿಂಗ್ ಅನ್ನುತ್ತಾರೆ. ಬೆಳಿಗ್ಗೆ ಶುರುಮಾಡಿ ಹನ್ನೊಂದರ ಒಳಗೆ ಮುಗಿಸಬೇಕು, ಆಮೇಲೆ ಹೂವು ಕೆಲಸಕ್ಕೆ ಬರುವುದಿಲ್ಲ. ಈ ಕೆಲಸಕ್ಕೆ ನಮ್ಮ ಕೇರಿಯಿಂದ, ಸಾಬರ ಓಣಿಯಿಂದ ನಲವತ್ತು ಹೆಂಗಸರು ಬರುತ್ತಾರೆ. ನನ್ನ ಚಿಗವ್ವ ಪ್ರೇಮವ್ವ ಅವರಲ್ಲಿ ಹಳಬಳು. ನನ್ನ ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು ಅವಳೇ.

ಹಿಂದಿನ ರಾತ್ರಿ ಗಾಳಿಮಳೆ ಹೊಡೆದು ಒಂದು ನೆಟ್‌ಹೌಸಿನ ಕಮಾನು ಕಿತ್ತುಬಂದಿತ್ತು. ಬಲೆ ಜೋತು ಬಿದ್ದಿತ್ತು. ಜೇನುಹುಳ ಒಳಗೆ ಬಂದರೆ ಬೇರೆ ಪುಡಿ ಬೆರೆತು ಬೀಜವೆಲ್ಲ ಕೆಡುತ್ತದೆ. ದಾರಿಯಲ್ಲಿ ಲೈಟಿನ ಕಂಬವೂ ಬಿದ್ದು ಊರಿಗೇ ಕರೆಂಟು ಇರಲಿಲ್ಲ. ಅದಕ್ಕೇ ಸಾಹುಕಾರ ಇಸ್ಮಾಯಿಲಸಾಬನ ಜನರೇಟರನ್ನು ದಿನದ ಬಾಡಿಗೆಗೆ ತರಿಸಿದ್ದ. ಹ್ಯಾಂಡಲ್ ಹಾಕಿ ತಿರುಗಿಸಿ ಶುರುಮಾಡುವ ಹಳೆಯ ಡೀಸೆಲ್ ಇಂಜಿನ್ನು ಅದು.

ನಾವು ಹೋದಾಗ ಜನರೇಟರು ನೆಟ್‌ಹೌಸಿನ ಬಾಗಿಲಲ್ಲಿ ಇರಲಿಲ್ಲ. ಇನ್ನೂರು ಅಡಿ ದೂರ, ಬದುವಿನ ಆಚೆ, ಕೆಸರಿನಲ್ಲಿ ನಿಂತಿತ್ತು.

"ಅಷ್ಟ ದೂರ ಯಾಕ ಇಟ್ರಿ ಸಾವ್ಕಾರ್ರ?" ಅಂದ ಫಕ್ಕೀರಪ್ಪ.

"ಹೊಗಿ ಬರ್ತೈತಲ್ಲೋ. ಹೂವಿಗೆ ಹೊಗಿ ತಾಗಬಾರದು."

"ನನ್ನ ವಾಯರ್ ಅಲ್ಲೀತನ ಮುಟ್ಟೂದಿಲ್ರಿ."

"ನನ್ನ ಪಂಪಿನ ವಾಯರ್ ಐತಿ, ಜೋಡಸು. ಲಗೂ."

ಪಂಪಿನ ವಾಯರಿನಲ್ಲಿ ಎರಡೇ ಎಳೆ. ನಮ್ಮದರಲ್ಲಿ ಮೂರು. ಮೂರನೆಯದು ಮಷಿನ್ನಿನ ಮೈಯಿಂದ ಜನರೇಟರಿನ ಮೈಗೆ ಹೋಗಬೇಕಾದದ್ದು. ಫಕ್ಕೀರಪ್ಪ ಅದನ್ನು ಕೈಯಲ್ಲಿ ಹಿಡಿದು ಒಂದು ಗಳಿಗೆ ನೋಡಿದ. ಆಮೇಲೆ ಮಡಚಿ ಹಿಂದಕ್ಕೆ ಬಿಟ್ಟ. ಇದು ನಮ್ಮ ತಪ್ಪು. ಮುಚ್ಚಿಡುವುದಿಲ್ಲ. ದೊಡ್ಡವರು ಲಗೂ ಅಂದರೆ ನಮ್ಮ ಕೈ ತಾನೇ ಓಡುತ್ತದೆ, ತಲೆಯನ್ನು ಕೇಳುವುದಿಲ್ಲ. ಎರಡು ಎಳೆ ತಿರುವಿ ಟೇಪು ಸುತ್ತಿದ. ಇನ್ನೊಂದು ತುದಿಯನ್ನು ಮಷಿನ್ನಿನ ಹಿಂದೆ ನೇರವಾಗಿ ಕಟ್ಟಿದ. ನಡುವೆ ಸ್ವಿಚ್ಚು ಇಲ್ಲ. ವಾಯರು ಹಸಿ ಸಾಲಿನಲ್ಲಿ ಮಲಗಿತು.

ಬಾಗಿಲಲ್ಲಿ ಒಂದು ತಟ್ಟೆ, ಅದರಲ್ಲಿ ನೇರಳೆ ಬಣ್ಣದ ಔಷಧಿ ನೀರು. ಪಕ್ಕದಲ್ಲಿ ನಲವತ್ತು ಜೊತೆ ಚಪ್ಪಲಿ. ಒಳಗೆ ಹೋಗುವವರು ಚಪ್ಪಲಿ ಬಿಟ್ಟು, ಆ ನೀರಿನಲ್ಲಿ ಕಾಲು ಅದ್ದಿ ಹೋಗಬೇಕು. ಚಪ್ಪಲಿಯ ಮಣ್ಣಿನಲ್ಲಿ ಗಿಡಕ್ಕೆ ರೋಗ ಬರುತ್ತದಂತೆ. ನನ್ನ ಅಜ್ಜಿ ಇವನ ಅಜ್ಜನ ಮನೆಯ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದಳು. ಆಗ ರೋಗದ ಮಾತೇ ಇರಲಿಲ್ಲ, ಸುಮ್ಮನೆ ಹಿಡಿಯಬೇಕಿತ್ತು.

"ಬೂಟ ಬಿಚ್ಚು," ಅಂದ ಸಾಹುಕಾರ.

"ಬರಿಗಾಲಾಗ ವೆಲ್ಡಿಂಗ್ ಮಾಡಾಕ ಬರೂದಿಲ್ರಿ. ನೆಲ ಹಸಿ ಐತಿ. ಔಷಧಿ ನೀರಾಗ ತೊಳ್ಕೊಂಡು ಬರ್ತೇನಿ."

"ಲೇ ಫಕ್ಕೀರ್ಯಾ, ನಿಮ್ಮ ಕೇರಿ ಗಟಾರ ನನ್ನ ಗಿಡಕ್ಕ ಬ್ಯಾಡ. ಬಿಚ್ಚು ಅಂದ್ನೆಲ್ಲ."

ಸಾಹುಕಾರನ ಕಾಲಲ್ಲಿ ಮೊಣಕಾಲಿನ ತನಕ ರಬ್ಬರ್ ಬೂಟು ಇತ್ತು. ನನಗೆ ತಡೆಯಲಿಲ್ಲ.

"ನಿಮ್ಮ ಬೂಟರಿ?"

"ಇವು ಹೊರಗ ಹೋಗೂದಿಲ್ಲ. ಇಲ್ಲೇ ಇರ್ತಾವು."

"ಅಲ್ಲಿ ಇನ್ನೆರಡು ಜೋಡ ತೂಗ ಹಾಕೀರಲ್ರಿ. ಅವೂ ಇಲ್ಲೇ ಇರೂವು. ನಮಗ ಕೊಡ್ರಿ."

"ಅವು ಬೀಜದ ಕಂಪನಿ ಸಾಹೇಬರಿಗೆ."

ಫಕ್ಕೀರಪ್ಪ ನನ್ನ ಕೈ ಒತ್ತಿದ. ಸುಮ್ಮನಿರು ಎಂದು. ಕುಳಿತು ಬೂಟು ಬಿಚ್ಚಿದ. ಅವನ ಕಾಲು ಬೆಳ್ಳಗೆ, ನೀರಿಗೆ ಮುದುಡಿದ ಹಾಗೆ ಕಂಡವು. ಅವನ್ನು ನೋಡಲಾರದೆ ಮುಖ ತಿರುಗಿಸಿದೆ.

ಯಾಕೆಂದರೆ ನಾನು ಚೇತನಕುಮಾರನ ಕಾಲನ್ನು ನೋಡಿದ್ದೆ. ಅವನು ಫಕ್ಕೀರಪ್ಪನ ಜೋಡಿ ವೆಲ್ಡರ್. ಬ್ಯಾಡಗಿಯಲ್ಲಿ ಒಂದು ಮೆಣಸಿನಕಾಯಿ ಗೋದಾಮಿಗೆ ಇಬ್ಬರೂ ರ‍್ಯಾಕು ಕೂಡಿಸಲು ಹೋಗಿದ್ದರು. ಒಣ ಕಾಯಿ ಮುರಿಯಬಾರದೆಂದು ಅದಕ್ಕೆ ನೀರು ಚಿಮುಕಿಸಿ ಚೀಲಕ್ಕೆ ತುಂಬುತ್ತಾರಲ್ಲ, ಅಂಥ ಹಸಿ ಚೀಲದ ಮೇಲೆ ಕುಳಿತು ಚೇತನ ಬೆಸುಗೆ ಹಾಕುತ್ತಿದ್ದ. ಅಲ್ಲೂ ಜನರೇಟರೇ. ಕರೆಂಟು ಹಿಡಿಯಿತು, ಅವನು ಮತ್ತೆ ಎದ್ದೇಳಲಿಲ್ಲ. ಗೋದಾಮಿನವರು ಕುಡಿದಿದ್ದ ಅಂದರು. ಅವನು ಚಹಾ ಬಿಟ್ಟರೆ ಬೇರೇನೂ ಕುಡಿದವನಲ್ಲ. ಅವನ ಅವ್ವ ಪರಿಹಾರಕ್ಕಾಗಿ ಹಾವೇರಿಯ ಆಫೀಸುಗಳಿಗೆ ಎರಡು ವರ್ಷ ತಿರುಗಿದಳು. ಒಂದೊಂದು ಮೇಜಿನ ಮುಂದೆಯೂ ಮಗ ಕುಡಿಯುತ್ತಿರಲಿಲ್ಲ ಎಂದು ಹೇಳಿ ಹೇಳಿ ಆ ಮುದುಕಿಯ ಬಾಯಿ ಸೋತಿತು.

ನಾನೂ ಚಪ್ಪಲಿ ಬಿಟ್ಟೆ. ನೇರಳೆ ನೀರು ತಣ್ಣಗಿತ್ತು. ಒಳಗೆ ಮಣ್ಣು ಮೆತ್ತಗೆ, ಹೆಜ್ಜೆ ಇಟ್ಟರೆ ಬೆರಳ ಸಂದಿಯಲ್ಲಿ ನೀರು ಬರುತ್ತಿತ್ತು. ಸಾಲು ಸಾಲಿಗೆ ಕಬ್ಬಿಣದ ತಂತಿ ಎಳೆದು ಗಿಡಗಳನ್ನು ಅದಕ್ಕೆ ಕಟ್ಟಿದ್ದರು. ತಂತಿಯೆಲ್ಲ ಕಂಬಕ್ಕೆ, ಕಂಬವೆಲ್ಲ ಕಮಾನಿಗೆ. ಇಡೀ ಮನೆಯೇ ಒಂದು ಕಬ್ಬಿಣ. ಅದರ ನಡುವೆ ನಲವತ್ತು ಹೆಂಗಸರು ಬರಿಗಾಲಲ್ಲಿ ನಿಂತು ಹೂವಿಗೆ ಪುಡಿ ಹಚ್ಚುತ್ತಿದ್ದರು.

"ಬಂದ್ಯೇನವಾ ಪುಷ್ಪಾ?" ಅಂದಳು ಚಿಗವ್ವ ಮೂರನೆಯ ಸಾಲಿನಿಂದ. "ಚಹಾ ಕುಡದೀಯೋ ಇಲ್ಲೋ?"

"ಕುಡದೇನಿ ಚಿಗವ್ವ. ನೀ ತಂತಿ ಮುಟ್ಟಬ್ಯಾಡ."

"ತಂತಿ ಮುಟ್ಟದ ಕ್ರಾಸಿಂಗ್ ಹೆಂಗ ಮಾಡ್ತಾರ ನಮ್ಮವ್ವಾ?" ಅಂದು ನಕ್ಕಳು.

ಫಕ್ಕೀರಪ್ಪ ಒಂದು ಒಣ ಹಲಗೆ ಹುಡುಕಿ ಅದರ ಮೇಲೆ ಮಷಿನ್ನು ಇಟ್ಟ. ನನಗೆ ನಿಲ್ಲಲು ಇನ್ನೊಂದು ಹಲಗೆ ಕೇಳಿದ. ಸಾಹುಕಾರ ಹಲಗೆಯ ಬದಲು ಹಸಿ ಗೋಣಿಚೀಲ ಕಳಿಸಿದ, ಕಿಡಿ ಗಿಡದ ಮೇಲೆ ಬೀಳದಂತೆ ಕಂಬಕ್ಕೆ ಸುತ್ತಲು. ಸುತ್ತಿದೆ. ಫಕ್ಕೀರಪ್ಪ ಬದುವಿನ ಆಚೆ ಹೋಗಿ ಹ್ಯಾಂಡಲ್ ತಿರುಗಿಸಿ ಇಂಜಿನ್ನು ಹಚ್ಚಿ ಬಂದ. ಬಿದಿರಿನ ಏಣಿ ಹತ್ತಿದ. ನಾನು ಕಮಾನಿನ ತುದಿ ಹಿಡಿದು ನಿಂತೆ.

ಬೆಸುಗೆಯ ಮೊದಲ ಚುಕ್ಕೆ, ಮೊದಲ ಟಾಂಕಿ, ಬಿದ್ದಿತು. ನನ್ನ ಮಣಿಕಟ್ಟಿನೊಳಗೆ ಇರುವೆ ಹರಿದವು. ಎರಡನೆಯ ಟಾಂಕಿ. ಇರುವೆ ಮೊಣಕೈಗೆ ಬಂದವು. ಬಾಯಲ್ಲಿ ತಾಮ್ರದ ರುಚಿ.

"ರೀ, ಜುಮ್ಮ ಅನ್ನಾಕತ್ತೈತ್ರಿ!"

ಅವನು ಇಳಿದು ಬಂದ. ಕೈಗವಸು ಕಳೆದು ಪೈಪಿಗೆ ಕೈಯ ಹಿಂಬದಿ ತಾಗಿಸಿದ. ಅಂಗೈ ತಾಗಿಸಿದರೆ ಬೆರಳು ಮಡಚಿ ಹಿಡಿದುಬಿಡುತ್ತವೆ, ಅದಕ್ಕೆ ವೆಲ್ಡರುಗಳು ಹೀಗೆ ನೋಡುತ್ತಾರೆ. ಕೈ ಚಟ್ಟನೆ ಹಿಂದೆ ಬಂತು. ಅವನ ಮುಖ ನೋಡಿದೆ. ಅವನಿಗೂ ಚೇತನ ನೆನಪಾಗಿದ್ದ.

ಇಸ್ಮಾಯಿಲಸಾಬನಿಗೆ ಫೋನು ಹಚ್ಚಿದ. ಸ್ಪೀಕರಿನಲ್ಲಿ ಮುದುಕನ ದನಿ ನನಗೂ ಕೇಳಿತು.

"ಮೂರನೇ ವಾಯರ್ ಹಾಕೀರೇನಪಾ?"

"ಇಲ್ಲ ಕಾಕಾ. ಪಂಪಿನ ವಾಯರ್ ಎರಡೆಳಿದು."

"ಯಾ ಅಲ್ಲಾ! ಬಂದ್ ಮಾಡ್ಸು. ಜನರೇಟರಿನ ಒಂದ ಎಳಿ ಅದರ ಮೈಗೆ ಕಟ್ಟೇತಿ, ಮೈ ಕೆಸರಾಗ ಕುಂತೈತಿ. ಮಷಿನ್ ಮೈಗೆ ಕರೆಂಟ್ ಸೋರಿದ್ರ ಅದು ಹೊಳ್ಳಿ ಬರಾಕ ದಾರಿ ಹುಡುಕ್ತೈತಿ. ಮೂರನೇ ವಾಯರ್ ಇದ್ರ ಅದರಾಗ ಬಂದು ಜನರೇಟರಿನ ಸ್ವಿಚ್ಚ ಬೀಳ್ತೈತಿ. ಇಲ್ಲಂದ್ರ ನಿಮ್ಮ ಕಾಲಾಗ ಹಾದು ಬರ್ತೈತಿ. ನಾ ವಾಯರ್ ತಗೊಂಡು ಗಾಡ್ಯಾಗ ಬಂದೆ. ಅಲ್ಲೀತನ ಮುಟ್ಟಬ್ಯಾಡ್ರಿ."

ಫಕ್ಕೀರಪ್ಪ ಸಾಹುಕಾರನಿಗೆ ಹೇಳಿದ. ಅರ್ಧ ತಾಸು ನಿಲ್ಲಿಸೋಣ, ಹೆಂಗಸರನ್ನು ಹೊರಗೆ ಕಳಿಸೋಣ.

"ಅರ್ಧ ತಾಸು?" ಸಾಹುಕಾರ ಕೈಗಡಿಯಾರ ನೋಡಿದ. "ಹೂವ ನಿನ್ನ ಸಲುವಾಗಿ ಕಾಯ್ತಾವೇನು? ಆ ಸಾಬಗ ವಾಯರ್ ಮಾರೂದೈತಿ, ಹೇಳ್ತಾನ. ಜುಮ್ಮ ಅಂದ್ರ ಸಾಯ್ತಾರೇನಲೇ? ನನ್ನ ಮನಿ ಮಿಕ್ಸರ್‌ನಾಗೂ ಜುಮ್ಮ ಅಂತೈತಿ. ಮತ್ತ ಆ ಮಷಿನ್ ಸರಿಸಲ್ಲಿಂದ, ಅದರ ಬಿಸಿಗಾಳಿ ಗಿಡಕ್ಕ ಬಡ್ಯಾಕತ್ತೈತಿ."

"ಸರಿಸಬ್ಯಾಡ್ರಿ," ಅಂದೆ ನಾನು ಗಂಡನಿಗೆ.

ಅವನು ನನ್ನನ್ನು ನೋಡಲಿಲ್ಲ. ಈ ಸೀಮೆಯ ನೆಟ್‌ಹೌಸಿನ ಕೆಲಸವೆಲ್ಲ ಈ ಸಾಹುಕಾರನ ಬಾಯಿಂದ ಬರಬೇಕು. ಇವನು ಬೇಡ ಅಂದರೆ ಐರಣಿಯಿಂದ ರಾಣೆಬೆನ್ನೂರಿನ ತನಕ ಯಾರೂ ಕರೆಯುವುದಿಲ್ಲ. ಅವನಿಗೆ ಕರೆಂಟಿನ ಹೆದರಿಕೆ ಇತ್ತು, ಇದರ ಹೆದರಿಕೆ ಅದಕ್ಕಿಂತ ಹಳೆಯದಿತ್ತು. ಕೈಗವಸು ಹಾಕಿ ಮಷಿನ್ನನ್ನು ಹಲಗೆಯ ಸಮೇತ ಕಂಬದ ಕಡೆಗೆ ಎಳೆದ. ವಾಯರು ಬಿಗಿಯಿತು. ಹಿಂದೆ ಕಟ್ಟಿದ್ದ ಎಳೆ ಸಡಿಲಾಗಿ ಮಷಿನ್ನಿನ ತಗಡಿಗೆ ತಾಗಿದ್ದು ನಮಗೆ ಕಾಣಲಿಲ್ಲ. ತಗಡು ಕಂಬಕ್ಕೆ ತಾಗಿತು. ಅವನು ಏಣಿ ಹತ್ತಿದ. ನಾನು ರಾಡು ಎತ್ತಿಕೊಳ್ಳಲು ಹಲಗೆಯ ತುದಿಗೆ ಕಾಲಿಟ್ಟಿದ್ದೆ. ನಾನು ಇವತ್ತು ಬದುಕಿರುವುದು ಆ ಹಲಗೆಯ ತುದಿಯಿಂದ.

ಸಾಲುಗಳಿಂದ ಒಮ್ಮೆಲೇ ಕೂಗು ಬಂತು. ಯವ್ವಾ ಎಂದು ಏಳೆಂಟು ಮಂದಿ ಹಿಂದಕ್ಕೆ ಹಾರಿದರು. ಒಬ್ಬಳು ಕೂಗಲಿಲ್ಲ. ಮೂರನೆಯ ಸಾಲಿನಿಂದ ಬಳೆಗಳ ಸದ್ದು ಮಾತ್ರ ಬರುತ್ತಿತ್ತು. ತಂತಿಗೆ ಬಡಿದು ಬಡಿದು, ಕಟಕಟ ಕಟಕಟ. ಚಿಗವ್ವ ತಂತಿ ಹಿಡಿದು ನಿಂತಿದ್ದಳು. ಬಾಯಿ ತೆರೆದಿತ್ತು. ಕಣ್ಣು ನನ್ನ ಮೇಲೆ ಇದ್ದವು. ಕೈ ಬಿಡಲು ಬರುತ್ತಿರಲಿಲ್ಲ.

ಸಾಬರ ಓಣಿಯ ಅಕ್ಬರಬಿ ಪಕ್ಕದಲ್ಲೇ ಇದ್ದಳು, ಹಿಡಿಯಲು ಕೈ ಚಾಚಿದಳು.

"ಮುಟ್ಟಬ್ಯಾಡ್ರಿ! ಆಕಿನ್ನ ಯಾರೂ ಮುಟ್ಟಬ್ಯಾಡ್ರಿ!" ಫಕ್ಕೀರಪ್ಪ ಏಣಿಯಿಂದ ಹಾರಿದ. "ಪುಷ್ಪಾ, ಇಂಜಿನ್!"

ಮುಟ್ಟಬೇಡಿ. ಹುಟ್ಟಿದಾಗಿನಿಂದ ಕೇಳಿದ ಮಾತು. ಜೀವ ಉಳಿಸಲು ಯಾರಾದರೂ ಅದನ್ನು ಕೂಗಿದ್ದು ಅವತ್ತೊಂದೇ ದಿನ.

ನಾನು ಓಡಿದೆ. ಬಾಗಿಲಿಗೆ ಸುತ್ತಿ ಹೋಗಬೇಕಿತ್ತು. ಸುತ್ತಲಿಲ್ಲ. ಗಿಡದ ನಡುವೆಯೇ ನುಗ್ಗಿದೆ, ತಂತಿಯ ಕೆಳಗೆ ಬಗ್ಗಿ, ಎದೆಯನ್ನು ಮಣ್ಣಿಗೆ ಒತ್ತಿ. ಕಾಯಿ, ಹೂವು, ಟೊಂಗೆ, ಎಲ್ಲ ನನ್ನ ಕೆಳಗೆ ಮುರಿದವು.

"ಗಿಡಾ! ಏ ಗಿಡ ತುಳೀಬ್ಯಾಡಬೇ!" ಸಾಹುಕಾರ ಕೂಗಿದ.

ದೇವರಾಣೆ, ಅವನು ಕೂಗಿದ್ದು ಅದನ್ನೇ. ನಲವತ್ತು ಮಂದಿ ಕೇಳಿದ್ದಾರೆ.

ಬಲೆ ಹರಿದುಕೊಂಡು ಹೊರಗೆ ಬಿದ್ದೆ. ಸಾಲಿನಲ್ಲಿ ವಾಯರು ಮಲಗಿತ್ತು, ಟೇಪು ಸುತ್ತಿದ ಜಾಗ ನೀರಿನಲ್ಲಿತ್ತು. ಅದನ್ನು ದಾಟಬೇಕು. ಕಾಲು ಏಳಲಿಲ್ಲ. ಖರೇ ಹೇಳುತ್ತೇನೆ, ನಾನು ನಿಂತೆ. ಒಂದು ಉಸಿರು, ಎರಡು ಉಸಿರು ನಿಂತೆ. ಸೀರೆ ಒದ್ದೆಯಾಯಿತು, ಅದು ಮಳೆನೀರಲ್ಲ. ಕಿವಿಯಲ್ಲಿ ಬಳೆಯ ಸದ್ದು ಇನ್ನೂ ಬರುತ್ತಿತ್ತು. ಕಣ್ಣು ಮುಚ್ಚಿ ಹಾರಿದೆ. ಬದು ಹತ್ತಿದೆ. ಜಾಲಿ ಮುಳ್ಳು ಹಿಮ್ಮಡಿಗೆ ಹೊಕ್ಕಿತು. ಇಂಜಿನ್ನಿನ ಡೀಸೆಲ್ ನಿಲ್ಲಿಸುವ ಕಡ್ಡಿಯನ್ನು ಎರಡೂ ಕೈಯಲ್ಲಿ ಒತ್ತಿದೆ. ಅದು ತಕ್ಷಣ ನಿಲ್ಲುವುದಿಲ್ಲ. ಢಕ್ ಅಂತು. ಮತ್ತೆ ಢಕ್ ಅಂತು. ಸಾಯಿ, ಸಾಯಿ ನಿನ್ನವ್ವನ ಎಂದು ನಾನು ಅದನ್ನು ಬೈದೆ, ಅತ್ತೆ, ಒದ್ದೆ. ಕೊನೆಗೆ ನಿಂತಿತು.

ಹಿಂತಿರುಗಿ ನೋಡಿದರೆ ಫಕ್ಕೀರಪ್ಪ ಬಿದಿರಿನ ಏಣಿಯಿಂದ ಚಿಗವ್ವನ ಕೈಯನ್ನು ತಂತಿಯಿಂದ ಬಡಿದು ಬಿಡಿಸಿದ್ದ. ಅವಳು ಸಾಲಿನಲ್ಲಿ ಬಿದ್ದಿದ್ದಳು. ಈಗ ಎಲ್ಲರೂ ಮುಟ್ಟಿದರು. ಎದೆ ಒತ್ತಿದರು, ಅಂಗಾಲು ತಿಕ್ಕಿದರು, ಹೆಸರು ಹಿಡಿದು ಕೂಗಿದರು. ಎಷ್ಟು ಹೊತ್ತು ಗೊತ್ತಿಲ್ಲ. ಕೆಮ್ಮಿದಳು. ಆ ಕೆಮ್ಮು ಬದುವಿನ ಆಚೆಗೆ, ನಾನಿದ್ದಲ್ಲಿಗೆ ಕೇಳಿಸಿತು. ನಾನು ಇಂಜಿನ್ನಿನ ಪಕ್ಕ ಕುಸಿದು ಕುಳಿತೆ. 

ಇಸ್ಮಾಯಿಲಸಾಬನ ಗೂಡ್ಸ್ ಗಾಡಿ ಅಷ್ಟರಲ್ಲಿ ಬಂತು. ತಂದ ವಾಯರನ್ನು ಕೆಳಗೆಸೆದು ಅದೇ ಗಾಡಿಯಲ್ಲಿ ಚಿಗವ್ವನನ್ನು ಮಲಗಿಸಿದರು. ಅಕ್ಬರಬಿ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಗಾಡಿ ರಾಣೆಬೆನ್ನೂರಿನ ಕಡೆ ಹೋಯಿತು. ಅವಳ ಜೀವ ಉಳಿಯಿತು. ಹೆಬ್ಬೆರಳು, ತೋರುಬೆರಳು ಹೋದವು. ಹೂವು ಹಿಡಿಯುವುದು ಆ ಎರಡು ಬೆರಳಿನಿಂದಲೇ. ಇದೆಲ್ಲ ಆಮೇಲೆ ಗೊತ್ತಾದದ್ದು. ಆಗ ನಮಗೆ ಅವಳು ದಾರಿಯಲ್ಲಿ ಇರುತ್ತಾಳೋ ಹೋಗುತ್ತಾಳೋ ಎಂಬುದೂ ಗೊತ್ತಿರಲಿಲ್ಲ.

ಗಾಡಿ ಇನ್ನೂ ಕಣ್ಣಿಗೆ ಕಾಣುತ್ತಿರುವಾಗಲೇ ಸಾಹುಕಾರ ಕೂಗಿ ಅಂದ:

"ಆಕಿಗೆ ಮೊದಲಿಂದ ಫಿಟ್ಸ್ ಅದಾವು. ಹೊಟ್ಟಿಗೆ ಉಣ್ಣದ ಬರ್ತಾಳ. ಹೂಂ, ನಡೀರಿ ಒಳಗ. ಹತ್ತೂವರಿ ಆತು. ಫಕ್ಕೀರ್ಯಾ, ಇಂಜಿನ್ ಹಚ್ಚು."

"ವಾಯರ್ ಬಂದೈತ್ರಿ, ಬದಲಿ ಮಾಡ್ತೇನಿ. ಅರ್ಧ ತಾಸು..."

"ಬಲಿ ಹರದೈತಿ, ಹುಳ ಒಳಗ ಹೊಂಟಾವು! ಮೊದಲ ಕಮಾನ ಕೂಡಸು, ಆಮ್ಯಾಲ ನಿನ್ನ ವಾಯರ್. ಹಚ್ಚಂದ್ರ ಹಚ್ಚು!"

ಕಾಯಿಲೆಯ ಹೆಸರೂ ಸಿದ್ಧವಾಗಿತ್ತು ನೋಡಿ. ಬ್ಯಾಡಗಿಯಲ್ಲಿ ಕುಡಿತ, ಇಲ್ಲಿ ಫಿಟ್ಸು. ನನ್ನ ಮೈಯೆಲ್ಲ ಉರಿಯಿತು. ಇಂಜಿನ್ನಿನ ಬುಡದಲ್ಲಿ ಬಿದ್ದಿದ್ದ ಹ್ಯಾಂಡಲನ್ನು ಎತ್ತಿಕೊಂಡೆ. ಅದಿಲ್ಲದೆ ಆ ಇಂಜಿನ್ನು ಶುರುವಾಗುವುದಿಲ್ಲ. ಮೊಳದುದ್ದದ ಕಬ್ಬಿಣ, ಎಣ್ಣೆ ಮೆತ್ತಿತ್ತು. ಎದೆಗೆ ಅವುಚಿಕೊಂಡು ಎದ್ದು ನಿಂತೆ.

ಫಕ್ಕೀರಪ್ಪ ಬದು ಹತ್ತಿ ಬಂದ. ದನಿ ಇಳಿಸಿ ಅಂದ:

"ಕೊಡು ಪುಷ್ಪಾ. ಹೆಂಗಸ್ರನ್ನ ಹೊರಗ ನಿಂದರಸ್ತೇನಿ. ನಾ ಒಬ್ನ ಹೋಗಿ ಲಗೂ ಮುಗಿಸಿ ಬರ್ತೇನಿ."

"ನೀವು ಬರದಿದ್ರ?"

ಅವನು ಹ್ಯಾಂಡಲಿಗೆ ಕೈ ಚಾಚಿದ.

"ನಿಮಗೂ ಕುಡದಿದ್ದ ಅಂತಾರ. ನಾ ಹಾವೇರಿಗೆ ಎಷ್ಟ ವರ್ಷ ತಿರಗ್ಲಿ? ಹೇಳ್ರಿ, ಎಷ್ಟ ವರ್ಷ?"

ಚಾಚಿದ್ದ ಅವನ ಕೈ ಕೆಳಗಿಳಿಯಿತು. ಅವನು ಪಕ್ಕಕ್ಕೆ ಸರಿದು, ನನ್ನ ಹಿಂದೆ ಇಂಜಿನ್ನಿಗೆ ಒರಗಿ ನಿಂತ. ಅವನ ಉಸಿರು ನನ್ನ ಕುತ್ತಿಗೆಗೆ ಬಡಿಯುತ್ತಿತ್ತು.

ಸಾಹುಕಾರ ತಾನೇ ಬಂದ. ಬೂಟು ಹೊರಗೆ ಹೋಗುವುದಿಲ್ಲ ಅಂದಿದ್ದವನು ಅದೇ ಬೂಟಿನಲ್ಲಿ ಕೆಸರು ತುಳಿದು ಬಂದ.

"ಏ ಪುಷ್ಪಿ. ಹ್ಯಾಂಡಲ್ ಕೆಳಗಿಡು."

ಕೆಳಗಿಡು. ಇವನು ನಮ್ಮ ಕೈಯಿಂದ ಏನನ್ನೂ ತೆಗೆದುಕೊಂಡವನಲ್ಲ. ಸುತ್ತಿಗೆ ಆಗಲಿ, ಬೀಗದ ಕೈ ಆಗಲಿ, ನಾವು ನೆಲಕ್ಕೆ ಇಡಬೇಕು, ನಾವು ಹಿಂದೆ ಸರಿದ ಮೇಲೆ ಅವನು ಎತ್ತಿಕೊಳ್ಳಬೇಕು. ಕೂಲಿಯನ್ನು ಈಗ ಫೋನಿನಲ್ಲಿ ಹಾಕುತ್ತಾನೆ, ಕೈ ತಾಗುವ ತಂಟೆಯೇ ಇಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅವನೂ ಹೇಳುವುದಿಲ್ಲ, ನಾವೂ ಹೇಳುವುದಿಲ್ಲ. ಇಡುತ್ತೇವೆ, ಅಷ್ಟೇ.

  ಹ್ಯಾಂಡಲನ್ನು ಎದೆಯಿಂದ ತೆಗೆದು ಅವನ ಮುಂದೆ ಚಾಚಿದೆ.

"ತಗೊಳ್ರಿ."

"ಕೆಳಗಿಡು ಅಂದೆ."

"ಕೆಳಗಿಡೂದಿಲ್ರಿ. ಬೇಕಂದ್ರ ನನ್ನ ಕೈಯಾಗಿಂದ ತಗೊಳ್ರಿ."

ಅವನು ನನ್ನ ಕೈ ನೋಡಿದ. ಮಣ್ಣು, ಎಣ್ಣೆ, ರಕ್ತ ಮೆತ್ತಿದ ಕೈ. ತಿರುಗಿ ನೆಟ್‌ಹೌಸಿನ ಕಡೆ ನೋಡಿದ. ಹೆಂಗಸರು ಒಬ್ಬೊಬ್ಬರಾಗಿ ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ಯಾರೂ ಯಾರನ್ನೂ ಕರೆಯಲಿಲ್ಲ. ಬಂದು ಬದುವಿನ ಕೆಳಗೆ ನಿಂತರು. ಎಲ್ಲರೂ ಅವನ ಕೈಯನ್ನೇ ನೋಡುತ್ತಿದ್ದರು.

"ಊರಾಗ ಇರೂದೈತೋ ಇಲ್ಲೋ?" ಅಂದ. ದನಿ ಒಡೆದಿತ್ತು.

"ಇರೂದೈತ್ರಿ. ಅದಕ್ಕ ಕೊಡವಲ್ಲೆ."

"ಫಕ್ಕೀರ್ಯಾ, ನಿನ್ನ ಹೇಂತಿ ಕೈಯಾಗಿಂದ ಕಸದು ಇಲ್ಲಿಡು!"

ನನ್ನ ಹಿಂದೆ ಯಾರೂ ಅಲುಗಾಡಲಿಲ್ಲ.

ಬಿಸಿಲು ಏರಿತು. ಬಲೆಯ ಹರಕಿನಿಂದ ಜೇನುಹುಳಗಳು ಒಳಗೆ ಹೊರಗೆ ಮಾಡುತ್ತಿದ್ದವು. ಸಾಹುಕಾರ ಗಡಿಯಾರ ನೋಡಿದ. ಇನ್ನೊಮ್ಮೆ ನೋಡಿದ. ಅವನ ಬಲಗೈ ಜೇಬಿನಿಂದ ಹೊರಬಂತು. ಅರ್ಧ ದಾರಿ ಬಂತು. ನನ್ನ ಬೆರಳಿಗೂ ಅವನ ಬೆರಳಿಗೂ ಒಂದು ಗೇಣು ಉಳಿದಿರಬೇಕು. ಅಲ್ಲೇ ನಿಂತಿತು. ನನಗೆ ಹೆದರಿಕೆ ಹೋಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಆ ಕೈ ಒಂದು ಗೇಣು ಮುಂದೆ ಬರಲು ಹಿಂಜರಿಯುವುದನ್ನು ನಾನು ನೋಡಿದೆ. ನನ್ನ ಕೈಗೆ ಅವನು ಅಂಜಿದ್ದ.

ಅವನು ಕೈ ಹಿಂದಕ್ಕೆ ತೆಗೆದುಕೊಂಡ.

ಹನ್ನೊಂದಾಯಿತು. ಹೂವಿನ ಹೊತ್ತು ಮುಗಿಯಿತು. ನಾನು ಹ್ಯಾಂಡಲ್ ಚಾಚಿಕೊಂಡೇ ನಿಂತಿದ್ದೆ.